ಐದು ಮೊಳದ ನಡುಹೊಲಿಗೆ

ಮಾರ್ಚ್ ೪, ಸೋಮವಾರ

ಅಂಗಡಿಯ ಆರ್ಡರ್ ಪುಸ್ತಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ಆರ್ಡರಂತೂ ಇಲ್ಲ, ಪುಸ್ತಕವಾದರೂ ತುಂಬಲಿ. ಚರಂಡಿ ಪೈಪು ಹಾಕುತ್ತೇವೆಂದು ಅಂಗಡಿಯ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಸೀಳಿ ಹಾಕಿದ್ದಾರೆ. ಪರದೆ ಹೊಲಿಸಲು ಬರುವವರು ಹಲಗೆಯ ಮೇಲೆ ಸರ್ಕಸ್ ಮಾಡಿಕೊಂಡು ಬರಬೇಕು. ಕಿಟಕಿಗೆ ಪರದೆ ಇಲ್ಲದೆಯೂ ಬದುಕಬಹುದು, ಕಾಲು ಮುರಿದುಕೊಂಡು ಬದುಕುವುದು ಕಷ್ಟ. ಗಿರಾಕಿಗಳ ಬುದ್ಧಿ ಸರಿಯಾಗಿಯೇ ಇದೆ. ಆರು ವಾರದ ಕೆಲಸವಂತೆ. ನಮ್ಮ ಅಂಗಡಿಯ ಹಳೆಯ ಟೈಲರ್ ಮೆಷಿನ್ ಮಾಮ ಮಗಳ ಮನೆಗೆ ಹೊರಟರು. ನಾನು ಬಾಗಿಲೆಳೆದು ಮನೆಗೆ ಬಂದೆ.

ಬೀದಿಗೆ ಗುಂಡಿ,
ಅಂಗಡಿಗೆ ಕೊಂಡಿ.

ಕನ್ನಡದಲ್ಲಿ ಬಿ.ಎ. ಮಾಡಿದ್ದಕ್ಕೆ ಇಷ್ಟಾದರೂ ಉಪಯೋಗ.

ಮಧ್ಯಾಹ್ನ ಅಕ್ಕ ಬಂದಳು. ಅವಳ ಮನೆಯ ಮೇಲಿನವರ ಪೈಪು ಒಡೆದು ಚಾವಣಿ ಸೋರುತ್ತಿದೆ. ಅವಳೊಬ್ಬಳೇ ಬಂದಿದ್ದರೆ ಸರಿ, ಜೊತೆಗೆ ಏಳು ತಗಡಿನ ಪೆಟ್ಟಿಗೆ. ಬಟ್ಟೆಗೆ ತೇವ ತಗುಲಬಾರದಂತೆ.

"ಏನೋ ಮೊಳಪ್ಪ, ಅಲ್ಲೇ ನಿಂತ್ಕೊಂಡು ನೋಡ್ತೀಯಾ, ಇಲ್ಲ ಒಂದು ಕೈ ಹಾಕ್ತೀಯಾ?"

ಚಿಕ್ಕಂದಿನಲ್ಲಿ ಕಂಡಕಂಡದ್ದನ್ನೆಲ್ಲ ಮೊಳ ಹಾಕಿ ಅಳೆಯುತ್ತಿದ್ದೆನೆಂದು ಅವಳಿಟ್ಟ ಹೆಸರು. ನಲವತ್ತಾರು ವಯಸ್ಸಾದರೂ ಬಿಟ್ಟಿಲ್ಲ. ನನಗಿಂತ ಹದಿಮೂರು ವರ್ಷ ದೊಡ್ಡವಳು, ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತಳಾದವಳು. ಇಡೀ ಜಗತ್ತು ಅವಳ ಕಣ್ಣಿಗೆ ತಿದ್ದಬೇಕಾದ ಪಟ. ನಾನು ಪೇಪರ್ ಓದುವ ಕೋಣೆ ಪೆಟ್ಟಿಗೆಗಳ ಪಾಲಾಯಿತು. ಒಂದು ತಿಂಗಳು ಇರುತ್ತಾಳಂತೆ.

ಹೋಗಲು ಇನ್ನು ಮೂವತ್ತು ದಿನ.

ಮಾರ್ಚ್ ೬, ಬುಧವಾರ

ಏಳು ಪೆಟ್ಟಿಗೆಯಲ್ಲಿ ಏನಿದೆಯೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು: ಚಿಂದಿ. ಅಪ್ಪ ಇಟ್ಟ ಹೆಸರು. ಉಜ್ಬೆಕಿಸ್ತಾನದ ಹಳೆಯ ಕಸೂತಿ ಬಟ್ಟೆಗಳು. ಸುಜಾನಿ ಎಂದು ಹೆಸರಂತೆ. ಗೋಡೆಗೆ ತೂಗುಹಾಕುವ, ಹಾಸಿಗೆಯ ಮೇಲೆ ಹಾಸುವ ದೊಡ್ಡ ದೊಡ್ಡ ಬಟ್ಟೆಗಳು. ಮೂವತ್ತು ವರ್ಷದಿಂದ ಅಕ್ಕ ಇವುಗಳ ಬೆನ್ನು ಹತ್ತಿದ್ದಾಳೆ. ಉಳಿದವರ ಮನೆಯಲ್ಲಿ ಫ್ರಿಜ್ ಬಂದಾಗ ಅಕ್ಕನ ಮನೆಗೆ ಒಂದು ಸುಜಾನಿ ಬಂತು. ಉಳಿದವರು ಕಾರು ಕೊಂಡಾಗ ಇನ್ನೊಂದು.

ಊಟದ ಹೊತ್ತಿಗೆ ಸುದ್ದಿ ಹೇಳಿದಳು. ನಗರದ ಸಂಗ್ರಹಾಲಯದವರು ಏಳನ್ನೂ ತೆಗೆದುಕೊಂಡು ಅವಕ್ಕೇ ಒಂದು ಕೋಣೆ ಮಾಡುವ ಯೋಚನೆಯಲ್ಲಿದ್ದಾರೆ. ಏಪ್ರಿಲ್ ಮೂರಕ್ಕೆ ಅಲ್ಲಿನ ಮೇಡಂ ನೋಡಲು ಬರುತ್ತಾರೆ. ಎಲ್ಲಕ್ಕಿಂತ ದೊಡ್ಡದು ಒಪ್ಪಿಗೆಯಾದರೆ ನಡುಗೋಡೆಗೆ. ಅದಾಗದಿದ್ದರೆ ಕೋಣೆಯೇ ಇಲ್ಲ.

"ಅಂದ್ರೆ ನಮ್ಮ ಮನೆಗೆ ಬರ್ತಾರಾ ಅತ್ತಿಗೆ?" ಎಂದು ಇವಳು, ನನ್ನ ಹೆಂಡತಿ, ಸೋಫಾದ ಕಡೆ ನೋಡಿದಳು.

"ಅವರು ಸೋಫಾ ನೋಡೋಕೆ ಬರಲ್ಲ ಕಣಮ್ಮ."

"ಬರೋರೆಲ್ಲ ಹಾಗೇ ಹೇಳ್ತಾರೆ. ನೋಡೋದು ಮಾತ್ರ ಸೋಫಾನೇ."

ಅಕ್ಕ ನಕ್ಕಳು. ಆದರೆ ತಟ್ಟೆಯಲ್ಲಿ ಅನ್ನ ಹಾಗೇ ಉಳಿದಿತ್ತು. ಅವಳು ಹೆದರಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಇಪ್ಪತ್ತೆಂಟು ದಿನ.

ಮಾರ್ಚ್ ೯, ಶನಿವಾರ

ಇವತ್ತು ದೊಡ್ಡದನ್ನು ಬಿಚ್ಚಿ ನಡುಮನೆಯಲ್ಲಿ ಹಾಸಿದಳು. ಮಂಚಕ್ಕಿಂತ ದೊಡ್ಡದು, ಉದ್ದ ಸರಿಯಾಗಿ ಐದು ಮೊಳ (ಅಳೆದೆ). ನೂರಮೂವತ್ತು ವರ್ಷದ್ದಂತೆ. ಕೆನೆಬಣ್ಣದ ಹತ್ತಿಬಟ್ಟೆ, ಮೇಲೆ ರೇಷ್ಮೆಯ ಕೆಂಪು ಹೂವುಗಳು, ಒಂದೊಂದೂ ಊಟದ ತಟ್ಟೆಯಷ್ಟು. ಸುತ್ತ ಕರಿಹಸಿರು ಬಳ್ಳಿ. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿದೆ. ಚಿಂದಿ ಅಂದರೂ ಜರ್ಬಿನ ಚಿಂದಿ.

ಆದರೆ ಹೊಲಿಗೆ! ನಾಲ್ಕು ಉದ್ದ ಪಟ್ಟಿ ಕೂಡಿಸಿ ಮಾಡಿದ್ದಾರೆ. ನಡುಹೊಲಿಗೆಯ ಮೇಲೆ ಬರುವ ಹೂವುಗಳಲ್ಲಿ ಎಡದ ಅರ್ಧಕ್ಕೂ ಬಲದ ಅರ್ಧಕ್ಕೂ ಮುಖಾಮುಖಿಯೇ ಇಲ್ಲ. ಎರಡು ಬೆರಳು ಜಾರಿವೆ. ಅರ್ಧ ಮೀಸೆ ಮೂಗಿನ ಕೆಳಗೆ, ಇನ್ನರ್ಧ ಗಲ್ಲದ ಮೇಲೆ. ಇಪ್ಪತ್ತೆರಡು ವರ್ಷ ಪರದೆ ಹೊಲಿದವನು ನಾನು. ಹೂವಿಗೆ ಹೂವು ಕೂಡದೆ ಒಂದೇ ಒಂದು ಪರದೆ ನಮ್ಮ ಅಂಗಡಿ ಬಿಟ್ಟು ಹೊರಗೆ ಹೋಗಿಲ್ಲ.

"ಅಕ್ಕಾ, ಇಲ್ಲಿ ಹೂವು ಕೂಡಿಲ್ಲ ನೋಡು. ಯಾಕೆ ಹೀಗೆ?"

"ಹೌದು, ಕೂಡಿಲ್ಲ."

"ಅದೇ, ಯಾಕೆ ಅಂತ?"

"ನಿಂಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡು. ಆ ತುದಿ ಹಿಡ್ಕೋ, ಮಡಚಬೇಕು."

ಹಿಡಿದೆ. ಮಡಚಿದೆ. ಬಿ.ಎ. ಆದವನಿಗೆ ಅರ್ಥವಾಗದಂಥದ್ದು ಈ ಬಟ್ಟೆಯಲ್ಲಿ ಏನಿದೆಯೋ.

ಮಾರ್ಚ್ ೧೪, ಗುರುವಾರ

ಕೆಲಸವಿಲ್ಲದೆ ಕೈ ತುರಿಸುತ್ತಿದೆ. ನಿನ್ನೆ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದೆ. ಇವತ್ತು ದಿಂಬಿನ ಚೀಲಗಳಿಗೆ ಕೈ ಹಾಕಿದಾಗ ಇವಳು, "ರೀ, ನಾನು ಔಷಧಿ ಅಂಗಡಿಯಿಂದ ಬರೋ ಹೊತ್ತಿಗೆ ನನ್ನನ್ನೂ ಬಿಚ್ಚಿ ಹೊಲಿದೀರಿ" ಎಂದು ಹೇಳಿ ಕೆಲಸಕ್ಕೆ ಹೋದಳು.

ಹೊತ್ತು ಹೋಗದೆ ಅಕ್ಕನ ಭೂತಗನ್ನಡಿ ಇಟ್ಟುಕೊಂಡು ಸಣ್ಣ ಸುಜಾನಿಯೊಂದರ ಹೊಲಿಗೆ ಎಣಿಸಿದೆ. ಒಂದು ದಳಕ್ಕೆ ನಾನೂರ ಹದಿನಾರು. ಉದ್ದಕ್ಕೆ ಎಳೆ ಹಾಸಿ, ಅದರ ಮೇಲೆ ಅಡ್ಡಡ್ಡ ಪುಟ್ಟ ಹೊಲಿಗೆ ಹಾಕಿ ಕೂರಿಸಿದ್ದಾರೆ. ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ. ಮೆಷಿನ್ ಮಾಮನಿಗೆ ತೋರಿಸಬೇಕು. ಕೆಲಸವಿಲ್ಲದ್ದಕ್ಕೆ ಎಣಿಸಿದ್ದು, ಬೇರೇನಿಲ್ಲ.

ಮಾರ್ಚ್ ೧೮, ಸೋಮವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ.

ಅಕ್ಕ ಪ್ಲಂಬರ್ ಜೊತೆ ಜಗಳಕ್ಕೆಂದು ಬೆಳಿಗ್ಗೆಯೇ ತನ್ನ ಮನೆಗೆ ಹೋದಳು, ರಾತ್ರಿ ಅಲ್ಲೇ ಪಕ್ಕದ ಮನೆಯಲ್ಲಿ ಇರುತ್ತಾಳೆ. ಇವಳು ಕೆಲಸಕ್ಕೆ. ನಾನು, ದೊಡ್ಡ ಸುಜಾನಿ, ಮತ್ತು ಆ ಅರ್ಧ ಮೀಸೆ. ಎಷ್ಟು ಹೊತ್ತು ಅಂತ ನೋಡುವುದು? ನಡುಗೋಡೆಗೆ ಹೋಗಬೇಕಾದ ಬಟ್ಟೆ. ಸಂಗ್ರಹಾಲಯದ ಮೇಡಂ ಬಂದವರೇ ಮೊದಲು ಕಾಣುವುದು ಅದನ್ನೇ.

ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ನಡುಹೊಲಿಗೆಯನ್ನು ಮೇಲಿನಿಂದ ಕೆಳಗಿನವರೆಗೆ ಬಿಚ್ಚಿದೆ. ಬಲಭಾಗವನ್ನು ಎರಡು ಬೆರಳು ಮೇಲೆ ಸರಿಸಿ, ಹೂವಿಗೆ ಹೂವು ಕೂಡಿಸಿ, ಕೈಹೊಲಿಗೆ ಹಾಕಿದೆ. ಮೇಲೂ ಕೆಳಗೂ ಅಂಚು ಏರುಪೇರಾಯಿತು. ಒಳಕ್ಕೆ ಮಡಚಿ ಕೂರಿಸಿದೆ. ಕತ್ತರಿ ಮಾತ್ರ ಇಡಲಿಲ್ಲ. 'ಬೇರೆಯವರ ಬಟ್ಟೆಗೆ ಕತ್ತರಿ ಇಡೋ ಮುಂಚೆ ಎರಡು ಸಲ ಕೇಳು' ಎಂಬುದು ಮೆಷಿನ್ ಮಾಮನ ಪಾಠ. ಬಿಚ್ಚುವುದರ ಬಗ್ಗೆ ಅವರು ಏನೂ ಹೇಳಿಲ್ಲ.

ಸಂಜೆ ಐದಕ್ಕೆ ಮುಗಿಯಿತು. ಹಳೆಯ ದಾರವನ್ನು ಗುಡಿಸಿ ಕಸಕ್ಕೆ ಹಾಕಿದೆ.

ಹೂವಿಗೆ ಹೂವು ಕೂಡಿತು,
ನೋಡಿದ ಕಣ್ಣು ಹಾಡಿತು.

ನಾಳೆ ಅಕ್ಕ ಬಂದಾಗ ಅವಳ ಮುಖ ನೋಡಬೇಕು.

ಮಾರ್ಚ್ ೧೯, ಮಂಗಳವಾರ

ನೋಡಿದೆ.

ಅಕ್ಕ ಬಂದಾಗ ಹಾಸಿ ತೋರಿಸಿದೆ. ಬಗ್ಗಿ, ನಡುಹೊಲಿಗೆಯ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ ನಡೆದಳು.

"ಹಳೆ ದಾರ ಎಲ್ಲಿ?"

"ಕಸಕ್ಕೆ."

ಹಿತ್ತಿಲಿಗೆ ಓಡಿದಳು. ಐವತ್ತೊಂಬತ್ತು ವರ್ಷದ ಹೆಂಗಸು, ಮಂಡಿನೋವಿನವಳು, ಓಡಿದಳು. ಕಸದ ಗಾಡಿ ಏಳು ಗಂಟೆಗೇ ಬಂದು ಹೋಗಿತ್ತು. ಖಾಲಿ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

"ಹೊಸ ದಾರ ಗಟ್ಟಿ ಇದೆ ಅಕ್ಕಾ," ಎಂದೆ. ಇದಕ್ಕಿಂತ ದಡ್ಡ ಮಾತು ಈ ಮನೆಯ ಹಿತ್ತಿಲಲ್ಲಿ ಯಾರೂ ಆಡಿರಲಾರರು.

ಮಾರ್ಚ್ ೨೦

ಅಕ್ಕ ಮಾತಾಡಲಿಲ್ಲ. ಪ್ರಾಸವೂ ಬರಲಿಲ್ಲ.

ಮಾರ್ಚ್ ೨೧

ಇವತ್ತೂ ಇಲ್ಲ. ಉಪ್ಪು ಬೇಕಾದರೆ ಇವಳ ಮೂಲಕ ಕೇಳಿಸುತ್ತಾಳೆ. "ನಿಮ್ಮ ತಮ್ಮನ ಮುಂದೇನೇ ಇದೆ ಅತ್ತಿಗೆ, ತಗೊಳ್ಳಿ" ಎಂದರೆ, ಉಪ್ಪಿಲ್ಲದೆಯೇ ಉಣ್ಣುತ್ತಾಳೆ.

ಹೊಸ ದಾರದಲ್ಲಿ ತೊಡಕು ಹೊಲಿದೆ. ಬಿಚ್ಚಲು ಕೊಕ್ಕೆ ಸಾಲದು. (ಇದು ಪ್ರಾಸವಲ್ಲ.)

ಮಾರ್ಚ್ ೨೨, ಶುಕ್ರವಾರ

ಮಾತಾಡಿದಳು! ಬೈದಳು ಎಂದರೆ ಸರಿ. ಆದರೂ ಸಂತೋಷವಾಯಿತು.

"ಇಲ್ಲಿ ಕೂತ್ಕೋ. ಬಾಯಿ ಮುಚ್ಕೊಂಡು ಕೇಳು. ಅಲ್ಲಿ ಹುಡುಗಿಯ ಮದುವೆಗೆ ಅಂತ ಮನೆ ಹೆಂಗಸರೆಲ್ಲ ಸೇರಿ ಇದನ್ನ ಮಾಡ್ತಿದ್ರು. ನಾಲ್ಕು ಪಟ್ಟಿ ಸಡಿಲವಾಗಿ ಕೂಡಿಸಿ, ಚಿತ್ರ ಬರೆಯೋಳೊಬ್ಬಳು ಮಸಿಯಲ್ಲಿ ಹೂವು ಬರೆದುಕೊಡ್ತಿದ್ಲು. ಆಮೇಲೆ ಪಟ್ಟಿ ಬಿಚ್ಚಿ ಒಬ್ಬೊಬ್ಬರ ತೊಡೆ ಮೇಲೆ ಒಂದೊಂದು. ಅಮ್ಮಂಗೆ ಒಂದು, ಚಿಕ್ಕಮ್ಮಂಗೆ ಒಂದು, ಅಕ್ಕಂಗೆ ಒಂದು. ಒಬ್ಬಳು ಬಿಗಿ ಎಳೀತಾಳೆ, ಒಬ್ಬಳು ಸಡಿಲ ಬಿಡ್ತಾಳೆ. ತಿಂಗಳುಗಟ್ಟಲೆ ಆದ್ಮೇಲೆ ವಾಪಸ್ ಕೂಡಿಸೋ ಹೊತ್ತಿಗೆ ಹೂವು ಕೂಡಲ್ಲ. ಆ ಎರಡು ಬೆರಳಗಲ ಇದೆಯಲ್ಲ, ಅದನ್ನ ನೋಡಿದ್ರೇನೇ ಇದು ಎಷ್ಟು ಜನರ ಕೈ ಅಂತ ತಿಳಿಯೋದು. ನೀನು ಎಲ್ಲರನ್ನೂ ಒಬ್ಬಳನ್ನಾಗಿ ಮಾಡಿಟ್ಟೆ."

"ಮೊದಲೇ ಹೇಳಬಾರದಿತ್ತಾ?"

ಅಕ್ಕ ಕಿಟಕಿಯ ಕಡೆ ತಿರುಗಿ ಕೂತಳು.

ನಾನು ಭೂತಗನ್ನಡಿ ತೆಗೆದುಕೊಂಡು ಬಟ್ಟೆಯನ್ನು ಮಗುಚಿ ನೋಡಿದೆ. ಬಲದ ಪಟ್ಟಿಯ ಹೂವಿನವಳು ಎಳೆಯನ್ನು ಬಿಗಿದು ಎಳೆದಿದ್ದಾಳೆ, ದಳಗಳೆಲ್ಲ ಗಿಡ್ಡ. ಎಡದವಳದ್ದು ಧಾರಾಳ ಕೈ. ಕೆಂಪು ಮುಗಿದ ಕಡೆ ಹಿಂದುಮುಂದು ನೋಡದೆ ಕಿತ್ತಳೆ ಹಾಕಿ ಮುಂದೆ ಹೋಗಿದ್ದಾಳೆ. ಹದಿನೈದು ದಿನ ಇದೇ ಬಟ್ಟೆ ನೋಡಿದ್ದೇನೆ, ಇದು ಕಂಡಿರಲಿಲ್ಲ. ಇನ್ನೊಂದೂ ಕಂಡಿತು.

"ಅಕ್ಕಾ, ಇಲ್ಲಿ ಬಾ. ಹಳೆ ಸೂಜಿ ತೂತು ಹಾಗೇ ಇದೆ."

"ಇದ್ರೆ?"

"ಒಂದೊಂದು ತೂತಿಗೂ ವಾಪಸ್ ಹೋಗಬಹುದು."

ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

"ಎಷ್ಟು ತೂತು ಇದೆಯೋ ಮೊಳಪ್ಪ?"

ಮೊಳಪ್ಪ ಎಂದು ಕರೆಸಿಕೊಂಡು ಇಷ್ಟು ಹಗುರಾಗಿದ್ದು ಇದೇ ಮೊದಲು.

ಮಾರ್ಚ್ ೨೩, ಶನಿವಾರ

ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದೆ. ಮಡಚಿದ ಅಂಚನ್ನೂ. ಹೊಸ ದಾರ ಬೆಳ್ಳಗೆ ಹಲ್ಲು ಕಿರಿಯುತ್ತಿದ್ದುದರಿಂದ ಹತ್ತಿದಾರವನ್ನು ಚಹಾದಲ್ಲಿ ಅದ್ದಿ ಒಣಗಿಸಿದೆ. ಮೂರನೆಯ ಸಲಕ್ಕೆ ಬಣ್ಣ ಹೊಂದಿತು. ಚಹಾ ಹುಡಿಯೆಲ್ಲ ಮುಗಿದು ಸಂಜೆ ನಾನು ಇವಳ ಬಾಯಿಗೆ ಸಿಕ್ಕಿಬಿದ್ದೆ.

ಮಾರ್ಚ್ ೨೭, ಬುಧವಾರ

ನಾನು ಮೇಲಿನಿಂದ, ಅಕ್ಕ ಕೆಳಗಿನಿಂದ. ಒಬ್ಬೊಬ್ಬರಿಂದ ದಿನಕ್ಕೆ ಅರ್ಧ ಮೊಳವೂ ಆಗುವುದಿಲ್ಲ. ಕೆಲವು ತೂತು ಮುಚ್ಚಿಹೋಗಿವೆ, ದೀಪದ ಎದುರು ಹಿಡಿದು ಹುಡುಕಬೇಕು.

"ಅಷ್ಟು ಬಿಗಿ ಎಳೀಬೇಡ್ವೋ. ಪರದೆ ಅಲ್ಲ ಅದು."

"ನೀನು ಬಿಟ್ಟಿರೋ ಸಡಿಲದಲ್ಲಿ ಬೆಕ್ಕು ಮರಿ ಹಾಕಬಹುದು."

"ಹಾಕಲಿ. ಬಾಣಂತನ ನೀನೇ ಮಾಡು."

ಹೊಲಿಯುತ್ತಾ ಹೊಲಿಯುತ್ತಾ ಆ ನಾಡಿಗೆ ಎರಡು ಸಲ ಹೋಗಿ ಬಂದ ಕಥೆ ಹೇಳಿದಳು. ಅಕ್ಕನ ಭಾಷೆ ತಿಳಿಯದ ಒಬ್ಬ ಮುದುಕಿ ಅವಳನ್ನು ಕೂರಿಸಿ, ಬಟ್ಟೆಯ ಒಂದೊಂದು ಪಟ್ಟಿ ಮುಟ್ಟಿ ತನ್ನ ಮನೆಯ ಒಬ್ಬೊಬ್ಬ ಹೆಂಗಸಿನ ಎತ್ತರವನ್ನು ಕೈಯಲ್ಲಿ ತೋರಿಸಿದಳಂತೆ: ಇವಳು ಇಷ್ಟೆತ್ತರ, ಇವಳು ಇಷ್ಟು. ಕೊನೆಯ ಪಟ್ಟಿಗೆ ಬಂದಾಗ ಕೈ ಸೊಂಟದ ಹತ್ತಿರ ನಿಂತಿತಂತೆ. ಏಳೆಂಟು ವರ್ಷದ ಹುಡುಗಿ ಕೂಡ ಕೂತು ಹಾಕಿದ ಹೊಲಿಗೆ.

ಇಷ್ಟು ವರ್ಷ ಈ ಕಥೆ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದಿದ್ದೆ. ಸೂಜಿಗೆ ದಾರ ಪೋಣಿಸುವುದರಲ್ಲಿ ಮರೆತೆ.

ಮಾರ್ಚ್ ೩೧, ಭಾನುವಾರ

ಮಧ್ಯಾಹ್ನ ಹನ್ನೆರಡೂವರೆಗೆ ನಡುವಿನ ಹೂವಿನ ಹತ್ತಿರ ಅವಳ ಸೂಜಿ, ನನ್ನ ಸೂಜಿ ಎದುರುಬದುರಾದವು. ಗಂಟು ಅವಳು ಹಾಕಿದಳು. ಹೂವು ಮತ್ತೆ ಎರಡು ಬೆರಳು ಜಾರಿ ಕೂತಿದೆ, ಬಹಳ ಚೆನ್ನಾಗಿ.

ಇವಳು ಬಂದು ನೋಡಿ, "ಮೊದಲೂ ಹೀಗೇ ಇತ್ತಲ್ವಾ?" ಎಂದಳು. ಇದಕ್ಕಿಂತ ದೊಡ್ಡ ಬಿರುದು ಬೇಡ.

ಏಪ್ರಿಲ್ ೨, ಮಂಗಳವಾರ

"ನಾಳೆ ಮೇಡಂ ಕೇಳಿದ್ರೆ ಏನಕ್ಕಾ?"

"ಕೇಳಿದ್ರೆ ಹೇಳೋಣ."

"ಕೇಳದಿದ್ರೆ?"

"ಚಹಾ ಕೊಡೋಣ."

"ಚಹಾ ಹುಡಿ ಇಲ್ಲ," ಎಂದಳು ಇವಳು ಒಳಗಿನಿಂದ.

ಏಪ್ರಿಲ್ ೩, ಬುಧವಾರ

ಮೇಡಂ ಬಂದರು. ಮೂವತ್ತೈದರ ಸುಮಾರು, ಬಿಳಿ ಕೈಗವಸು, ಮಾತು ಕಡಿಮೆ. ಸೋಫಾ ನೋಡಲಿಲ್ಲ, ಇವಳಿಗೆ ಒಂದಿಷ್ಟು ಬೇಜಾರೇ ಆಯಿತು. ಆರು ಬಟ್ಟೆಗಳನ್ನು ನೋಡಿ ಬರೆದುಕೊಂಡರು. ಏಳನೆಯದು ಹಾಸಿದಾಗ ಪೆನ್ನು ಕೆಳಗಿಟ್ಟರು.

"ಅಬ್ಬಾ. ಹೊಲಿಗೆ ನೋಡಿ, ಕೂಡಿಸಿದವರ ಕೈ ಹಾಗೇ ಇದೆ. ಇಂಥವನ್ನ ಯಾರಾದ್ರೂ ನಡುವೆ ಬಿಚ್ಚಿ ನೇರ ಮಾಡಿಬಿಟ್ಟಿರ್ತಾರೆ. ಇದನ್ನ ಒಬ್ಬರೂ ಮುಟ್ಟಿಲ್ಲ."

ಅಕ್ಕ ನನ್ನನ್ನು ನೋಡಿದಳು. ನಾನು ಗೋಡೆಯನ್ನು ನೋಡಿದೆ. ಮೇಡಂ ಏನನ್ನೂ ಕೇಳಿಲ್ಲವಲ್ಲ, ತಾವೇ ಹೇಳಿದ್ದು ಅಷ್ಟೇ. ಚಹಾ ಕೊಡುವ ಹೊತ್ತು. ಹುಡಿಯೂ ಬಂದಿತ್ತು.

ಮೇಡಂ ನಡುಹೊಲಿಗೆಯ ಮೇಲೆ ಬೆರಳಾಡಿಸುತ್ತಾ, "ಮೇಲಿನ ಅರ್ಧ ನೋಡಿ. ಎಂಥಾ ಪಳಗಿದ ಕೈ! ಪಾಪ, ಯಾವ ಅಜ್ಜಿಯೋ ಏನೋ" ಎಂದರು.

"ಅಜ್ಜಿ ಅಲ್ಲ ಮೇಡಂ. ನಾನು."

ಬಾಯಿಂದ ಬಂದೇಬಿಟ್ಟಿತು. ಆಮೇಲೆ ನಿಲ್ಲಲಿಲ್ಲ. ಬಿಚ್ಚಿದ್ದು, ಸರಿಸಿದ್ದು, ಕಸದ ಗಾಡಿ, ತೂತು, ಚಹಾ, ಮೇಲಿನರ್ಧ ನನ್ನದು, ಕೆಳಗಿನರ್ಧ ಅಕ್ಕನದು, ಎಲ್ಲ ಹೇಳಿದೆ. ಮೇಡಂ ಗವಸು ಕಳಚಿದರು, ಮತ್ತೆ ಹಾಕಿಕೊಂಡರು. ಭೂತಗನ್ನಡಿ ಇಟ್ಟು ಇಪ್ಪತ್ತು ನಿಮಿಷ ಮಂಡಿಯೂರಿ ಕೂತರು.

"ಬಟ್ಟೆ ಕತ್ತರಿಸಿದ್ರಾ?"

"ಇಲ್ಲ."

"ಒಂದು ಎಳೆಯನ್ನೂ?"

"ಇಲ್ಲ."

"ನಾನೊಬ್ಬಳೇ ತೀರ್ಮಾನ ಮಾಡೋಕಾಗಲ್ಲ. ಸಮಿತಿ ಮುಂದೆ ಇಡ್ತೀನಿ."

ಚಹಾ ಕುಡಿಯದೆ ಹೋದರು.

"ನಿನ್ನ ಬಾಯಿಗೂ ನಾಲ್ಕು ಹೊಲಿಗೆ ಹಾಕಬೇಕಿತ್ತು ಕಣೋ," ಎಂದು ಅಕ್ಕ ಕುರ್ಚಿಯಲ್ಲಿ ಕುಸಿದಳು. "ಮೂವತ್ತು ವರ್ಷ!"

ನನ್ನ ಗಂಡ ಸತ್ಯವಂತ ಎಂದು ಇವಳು ಸಂಜೆಯಿಂದ ಪಕ್ಕದ ಮನೆಯವರಿಗೆಲ್ಲ ಹೇಳುತ್ತಿದ್ದಾಳೆ. ಇಲ್ಲಿ ಬರೆಯುವುದು ನನಗಾಗಿಯೇ ಆದ್ದರಿಂದ ನಿಜ ಬರೆಯುತ್ತೇನೆ. ಸತ್ಯವಲ್ಲ, ನನ್ನ ಹೊಲಿಗೆಯನ್ನು ಅಜ್ಜಿಗೆ ಕೊಟ್ಟರಲ್ಲ, ಅದನ್ನು ತಡೆಯಲಾಗಲಿಲ್ಲ.

ಆದರೆ ಕೆಳಗಿನ ಅರ್ಧವನ್ನು ಹಾಕಿದ್ದು ಯಾರೆಂದು ಹೇಳದೆಯೂ ಇರಬಹುದಿತ್ತು. ಅದನ್ನು ಯಾಕೆ ಹೇಳಿದೆನೋ ತಿಳಿಯದು.

ಏಪ್ರಿಲ್ ೮, ಸೋಮವಾರ

ಸಂಗ್ರಹಾಲಯದಿಂದ ಪತ್ರವಿಲ್ಲ. ಅಕ್ಕನ ಮನೆಯ ಚಾವಣಿ ಸರಿಹೋಗಿ ನಾಲ್ಕು ದಿನವಾಯಿತಂತೆ. ಸುಣ್ಣದ ವಾಸನೆ ಹೋಗಲಿ, ಆಮೇಲೆ ಹೋದರಾಯಿತು ಎಂದೆ. ವಾಸನೆ ಬಟ್ಟೆಗೆ ಒಳ್ಳೆಯದಲ್ಲ.

ಏಪ್ರಿಲ್ ೧೬, ಮಂಗಳವಾರ

ಪತ್ರ ಬಂತು. ಅಕ್ಕ ಲಕೋಟೆ ಒಡೆಯಲಾರದೆ ನನ್ನ ಕೈಗೆ ಕೊಟ್ಟಳು. "ಬಿಚ್ಚೋದ್ರಲ್ಲಿ ನಿನ್ನ ಕೈ ಪಳಗಿದೆ. ತಗೋ."

ಏಳನ್ನೂ ತೆಗೆದುಕೊಳ್ಳುತ್ತಾರೆ! ಕೋಣೆಯೂ ಆಗುತ್ತದೆ. ದೊಡ್ಡದು ಮಾತ್ರ ನಡುಗೋಡೆಗಲ್ಲ. ಕೋಣೆಯ ನಡುವೆ ನಿಲ್ಲಿಸುತ್ತಾರಂತೆ, ಜನ ಸುತ್ತಿ ಬಂದು ಹಿಂಬದಿಯ ಹೊಲಿಗೆಯನ್ನೂ ನೋಡುವ ಹಾಗೆ. ಇಂಥ ಬಟ್ಟೆಗಳಿಗೆ ಕಾಲಕಾಲಕ್ಕೆ ಯಾರೋ ಸೂಜಿ ಹಾಕಿಯೇ ಇರುತ್ತಾರೆ, ಯಾರೆಂದು ತಿಳಿಯುವುದು ಅಪರೂಪ ಎಂದು ಬರೆದಿದ್ದಾರೆ. ಒಂದೇ ಷರತ್ತು: ಏನು, ಯಾವಾಗ, ಯಾರು, ಯಾವ ದಾರದಿಂದ ಎಂಬ ಹೇಳಿಕೆಯನ್ನು ಬರೆದು ಸಹಿ ಮಾಡಿ ಕಳಿಸಬೇಕು. ಬಟ್ಟೆಯ ಜೊತೆ ಅದೂ ಕಡತದಲ್ಲಿ ಇರುತ್ತದೆ.

ಅಕ್ಕ ಪತ್ರವನ್ನು ಮೂರು ಸಲ ಓದಿಸಿದಳು. ನಾಲ್ಕನೆಯ ಸಲಕ್ಕೆ ಕನ್ನಡಕ ಒರೆಸಿಕೊಂಡು ತಾನೇ ಓದಿದಳು.

ಇವಳು ಕೆಲಸದಿಂದ ಬಂದವಳು ಕೇಳಿದಳು, "ರೀ, ಬೀದಿಗೆ ಡಾಂಬರು ಬಿದ್ದು ಐದು ದಿನ ಆಯ್ತಂತೆ. ಮೆಷಿನ್ ಮಾಮ ಫೋನ್ ಮಾಡಿದ್ರು. ಅಂಗಡಿ ತೆಗೆಯೋ ಯೋಚನೆ ಇದೆಯಾ?"

ಗೊತ್ತಿತ್ತು ಎಂದೆ. ಗೊತ್ತಿರಲಿಲ್ಲ.

ಏಪ್ರಿಲ್ ೧೭, ಬುಧವಾರ

ಬೆಳಿಗ್ಗೆ ಹೇಳಿಕೆ ಬರೆಯಲು ಕೂತೆ. ಮೊದಲ ಕರಡಿನಲ್ಲಿ ನಾಲ್ಕು ಪ್ರಾಸ ಬಂದಿದ್ದವು. ಅಕ್ಕ ನಾಲ್ಕಕ್ಕೂ ಕೆಂಪು ಗೀಟು ಹಾಕಿದಳು. ಕೊನೆಗೆ ಉಳಿದದ್ದು ಇದು:

'ಈ ಬಟ್ಟೆಯ ನಡುಹೊಲಿಗೆಯನ್ನು ಮಾರ್ಚ್ ೧೮ರಂದು ಬಿಚ್ಚಿದವನು ಒಡತಿಯ ತಮ್ಮ, ಪರದೆ ಹೊಲಿಯುವವನು. ಹೂವುಗಳು ಕೂಡದಿರುವುದನ್ನು ದೋಷವೆಂದು ತಿಳಿದು ಹಾಗೆ ಮಾಡಿದನು. ಹಳೆಯ ದಾರವನ್ನು ಎಸೆದನು. ಮಾರ್ಚ್ ೨೩ರಿಂದ ೩೧ರವರೆಗೆ, ಚಹಾದಲ್ಲಿ ಅದ್ದಿದ ಹತ್ತಿದಾರದಿಂದ, ಹಳೆಯ ತೂತುಗಳಲ್ಲೇ, ಮೇಲಿನರ್ಧವನ್ನು ಅವನೂ ಕೆಳಗಿನರ್ಧವನ್ನು ಒಡತಿಯೂ ಮತ್ತೆ ಹೊಲಿದರು.'

ಸಹಿ ಮಾಡಿ ಅಕ್ಕನ ಕೈಗೆ ಕೊಟ್ಟೆ. ಅವಳು ಸಹಿ ಮಾಡಲಿಲ್ಲ. ಪೆನ್ನು ತೆಗೆದುಕೊಂಡು ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಸೇರಿಸಿದಳು:

'ಹೂವು ಏಕೆ ಕೂಡಿಲ್ಲವೆಂದು ಅವನು ಮೊದಲೇ ಕೇಳಿದ್ದನು. ನಾನು ಹೇಳಲಿಲ್ಲ. ಮೂವತ್ತು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಹಾಗೆ ಕೇಳಿದವನು ಅವನೊಬ್ಬನೇ.'

ಆಮೇಲೆ ಸಹಿ ಮಾಡಿದಳು. ನಾನು ಏನೋ ಹೇಳಲು ಹೊರಟೆ.

"ಗೋಂದು ಎಲ್ಲಿದೆ ಹುಡುಕು, ಹೋಗು," ಎಂದಳು.

ಹುಡುಕಿದೆ. ಕಣ್ಣೆದುರೇ ಇತ್ತು, ಸಿಗಲು ತಡವಾಯಿತು.

ಲಕೋಟೆಯನ್ನು ಅಂಚೆಗೆ ಹಾಕಲು ಇಬ್ಬರೂ ಹೋದೆವು. ಒಂದು ಲಕೋಟೆ ಹೊರೋಕೆ ಇಬ್ಬರು ಯಾಕೆ ಎಂದು ಇವಳು ಬಾಗಿಲಲ್ಲಿ ನಿಂತು ಕೇಳಿದಳು. ಅಂಚೆಪೆಟ್ಟಿಗೆ ಇರುವುದು ನಮ್ಮ ಮನೆಯ ಬೀದಿಯ ಕೊನೆಗೆ. ನಾವು ಮನೆಗೆ ಬಂದದ್ದು ಮೂರು ಗಂಟೆ ಕಳೆದ ಮೇಲೆ. ಅಂಚೆಪೆಟ್ಟಿಗೆ ದಾಟಿ ಎರಡು ತಿರುವು ಹೋದರೆ ಹಳೆಯ ಸಾಮಾನಿನ ಅಂಗಡಿಯೊಂದಿದೆ. ಸುಮ್ಮನೆ ಒಂದು ಸಲ ಇಣುಕಿ ಬರೋಣ ಎಂದದ್ದು ಅಕ್ಕ ಅಲ್ಲ.